ಚೌಕಟ್ಟಿನ ಕಾಲು

ಡಿಸೆಂಬರ್ 19, ಗುರುವಾರ

ನನಗೆ ಬೇಕಾದದ್ದು ಒಂದು ಮುಚ್ಚಿದ ಬಾಗಿಲು. ನಾನು ಹಾಕಿದರೆ, ನಾನೇ ತೆಗೆಯುವ ತನಕ ಹಾಕಿಯೇ ಇರುವ ಬಾಗಿಲು. ಬಂಗಾರ ಕೇಳಿಲ್ಲ. ಬೇರೆ ಮನೆ ಮಾಡೋಣ ಅಂತ ಕೇಳಿಲ್ಲ. ನಿದ್ದೆ ಕೇಳುತ್ತಿದ್ದೇನೆ.

ಇವತ್ತೂ ಹೊತ್ತು ಹುಟ್ಟುವ ಮೊದಲೇ ಅತ್ತಿ ಚೆಂಬು ಹಿಡಿದು ಬಂದರು. ರಾತ್ರಿಯೆಲ್ಲ ಕೂಸಿನ ಎದೆ ಮೇಲೆ ಕೈಯಿಟ್ಟು ಉಸಿರು ನೋಡಿಕೊಂಡು ಕೂತವಳಿಗೆ ಆಗಷ್ಟೇ ಕಣ್ಣು ಹತ್ತಿತ್ತು. ಧಡ್ ಅಂತ ಬಾಗಿಲು. ಚಳ್ ಅಂತ ನೀರು.

ಈ ಕೋಣೆಯ ಚೌಕಟ್ಟು ಭಾತಂಬ್ರಾದ ಹಳೆ ಮನೆಯ ತಲಬಾಗಿಲಿನದು. ಆ ಮನೆ ಬಿಚ್ಚಿದಾಗ ಮಾವ ಹಾವಗೆಪ್ಪನವರು ಇದನ್ನ ಬಂಡಿಯಲ್ಲಿ ಹೇರಿಕೊಂಡು ಬೀದರಕ್ಕೆ ತಂದು ಇಲ್ಲಿ ಕೂಡ್ರಿಸಿದರಂತೆ. ಹೊಸ್ತಿಲನ್ನು ಹುಳ ತಿಂದಿತ್ತು. ಕಮಲ ಕೆತ್ತಿದ ಎರಡು ಕಾಲು, ಮೇಲಿನ ಪಟ್ಟಿ ಮಾತ್ರ ಉಳಿದವು. ಮಾವ ಹೋಗಿ ನಾಲ್ಕು ವರ್ಷ, ನಾನು ಸೊಸೆಯಾಗಿ ಬಂದು ಎರಡೂವರೆ. ಬಂದ ದಿನದಿಂದ ನೋಡುತ್ತಿದ್ದೇನೆ, ಅತ್ತಿ ಆ ಎರಡು ಕಾಲಿಗೆ ನೀರು ಹಾಕಿ ತೊಳೆದು, ವಿಭೂತಿ ಎಳೆದು, ಅರಿಶಿನ ಹಚ್ಚದೆ ಬಾಯಿಗೆ ಚಹಾ ಹಾಕುವುದಿಲ್ಲ. ಮೊದಲು ಅದು ಚಂದ ಕಾಣುತ್ತಿತ್ತು. ಈಗ ಆ ಚೆಂಬನ್ನು ಓಣಿಗೆ ಎಸೆಯಬೇಕು ಅನಿಸುತ್ತದೆ.

"ಅತ್ತೀ, ಒಂದೀಟು ಬೆಳಕಾದ ಮ್ಯಾಲ ತೊಳಿರಿ. ಕೂಸು ಮಲಗೇದ."

"ಮಲಗಲಿ ಬಿಡವಾ. ನಾ ಏನ್ ಇಲ್ಲಿ ಡೊಳ್ಳು ಬಡೀಲತ್ತೀನೇನು?"

ಆಮೇಲೆ ಕೂಸನ್ನು ಎತ್ತಿಕೊಳ್ಳಲು ಬಂದರು. ಕೈ ಮಂಜಿನ ಗಡ್ಡೆ. ಕೊಡಲಿಲ್ಲ.

ಡಿಸೆಂಬರ್ 21, ಶನಿವಾರ

ಕೂಸಿಗೆ ಎಂಟು ತಿಂಗಳು. ಅಂಬೆಗಾಲು ಇಡುತ್ತದೆ, ಬಿಟ್ಟರೆ ಬೀದರದಿಂದ ಭಾಲ್ಕಿ ಮುಟ್ಟುತ್ತದೆ. ಬಿಡುವುದು ಎಲ್ಲಿ? ಮನೆಯೆಲ್ಲ ಶಹಾಬಾದ್ ಕಲ್ಲಿನ ಫರಸಿ. ಈ ಚಳಿಯಲ್ಲಿ ಅದರ ಮೇಲೆ ಕಾಲಿಟ್ಟರೆ ನನಗೇ ನೆತ್ತಿಗೆ ಏರುತ್ತದೆ. ನವೆಂಬರಿನಲ್ಲಿ ನ್ಯುಮೋನಿಯಾ ಆಗಿ ದವಾಖಾನೆಯಲ್ಲಿ ಇದ್ದು ಬಂದ ಕೂಸು. ಆ ಪುಟ್ಟ ಎದೆ ಒಳಗೆ ಹೋಗಿ ಹೋಗಿ ಬರುತ್ತಿದ್ದುದನ್ನು ನೋಡಿದವಳು ನಾನು. ಬೇರೆ ಯಾರೂ ನೋಡಿಲ್ಲವೇನೋ ಎಂಬಂತೆ ಇರುತ್ತಾರೆ ಎಲ್ಲರೂ.

ಅದಕ್ಕೇ ಈ ಕೋಣೆಗೆ ಲ್ಯಾಮಿನೇಟ್ ಹಲಗಿ ಹಾಸಿಸೋಣ ಅಂದೆ. ಕಟ್ಟಿಗೆಯಂತೆ ಕಾಣುವ ತೆಳು ಹಲಗಿ, ಒಂದಕ್ಕೊಂದು ಸಿಕ್ಕಿಸಿ ಫರಸಿ ಮೇಲೆಯೇ ಹಾಸುವುದು, ಕೆಳಗೆ ಫೋಮ್. ಬೆಚ್ಚಗಿರುತ್ತದೆ. ಫೋನಿನಲ್ಲಿ ಎಷ್ಟು ವೀಡಿಯೊ ನೋಡಿದ್ದೇನೆ ಅಂದರೆ ಈಗ ನಾನೇ ಮಿಸ್ತ್ರಿ.

ಇವರು "ನೋಡಮು" ಅಂದರು. ಗಾಂಧಿ ಗಂಜ್ ಮಾರುಕಟ್ಟೆಯ ಇವರ ದಲಾಲಿ ಅಂಗಡಿಯಲ್ಲಿ ತೊಗರಿ ಬಂದು ಬೀಳುವ ಕಾಲ, ಇವರ ಕಣ್ಣಿಗೆ ಚೀಲ ಬಿಟ್ಟು ಬೇರೆ ಕಾಣುವುದಿಲ್ಲ. ಮದುವೆಯಲ್ಲಿ ಅಕ್ಕಿಕಾಳು ಹಾಕುವಾಗಲೂ "ನೋಡಮು" ಅಂದಿರಬೇಕು, ನನಗೇ ಕೇಳಿಸಿಲ್ಲ.

"ನೋಡೂದಲ್ಲರಿ, ಮಾಡ್ರಿ," ಅಂದೆ.

ಅತ್ತಿ ಒಳಗಿನಿಂದ: "ಫರಸಿ ಮ್ಯಾಲ ಪುಠ್ಠಾ ಹಾಸ್ತಾರಂತ, ರಟ್ಟಿನ ಪುಠ್ಠಾ! ನನ್ನ ಮಗ ಸಂಜು ಇದೇ ಫರಸಿ ಮ್ಯಾಲೇ ಬೆಳೆದಾನ. ಏನ್ ಸತ್ತಾನೇನು?"

ನನ್ನ ಮುಂದೆ ಆ ಮಾತು ಆಡಬಾರದು. ಕೂಸಿರುವ ಮನೆಯಲ್ಲಿ ಯಾರೂ ಆ ಮಾತು ಆಡಬಾರದು.

ಡಿಸೆಂಬರ್ 26, ಗುರುವಾರ

ಮಿಸ್ತ್ರಿ ಬಂದ. ಮುಜೀಬೋದ್ದೀನ ಅಂತ. ಬೆಳಿಗ್ಗೆ ಬರುತ್ತೇನೆಂದು ಊಟದ ಹೊತ್ತಿಗೆ ಬಂದ. ಬಾಯಿ ಮಾತ್ರ ದೊಡ್ಡದು. ಎಂಥೆಂಥ ಬಂಗಲೆಗೆ ಹಾಸಿದೆ ಅನ್ನುವುದರಲ್ಲೇ ಅರ್ಧ ತಾಸು ಹೋಯಿತು.

ಬಾಗಿಲ ಹತ್ತಿರ ಬಂದಾಗ ಚೌಕಟ್ಟಿನ ಕಾಲು ತಟ್ಟಿ ನೋಡಿದ. "ಇದು ಸಾಗವಾನಿ ಅದರಿ ಅಕ್ಕಾ, ಅಸಲಿ ಮಾಲು. ಏನಿಲ್ಲ, ಹಲಗಿ ಎಷ್ಟು ದಪ್ಪ ಅದ, ಅಷ್ಟೇ ಕಾಲ ಕೆಳಗಿಂದ ಕೊಯ್ದು, ಹಲಗಿ ಒಳಗ ಸರಿಸಿಬಿಡ್ತೀನಿ. ಜೋಡು ಎಲ್ಲೈತಿ ಅಂತ ನಿಮಗೂ ಸಿಗಂಗಿಲ್ಲ."

ವೀಡಿಯೊದಲ್ಲೂ ಹಾಗೇ ಮಾಡುತ್ತಾರೆ. ಹೂಂ ಅನ್ನಬೇಕು, ಅಷ್ಟರಲ್ಲಿ ಹಿಂದೆ ಕಸಬರಿಗೆ ಹಿಡಿದು ಅತ್ತಿ.

"ಯಾರ ಕಾಲ ಕೊಯ್ತಿಯೋ?"

"ಚೌಕಟ್ಟಿಂದರಿ ಅಮ್ಮಾ, ಒಂದ ಬೆರಳಷ್ಟೂ ಅಲ್ಲ..."

"ಮೊದಲ ನಿನ್ನ ಕಾಲ ಬೆರಳಷ್ಟು ಕೊಯ್ಕೋ. ಆಮ್ಯಾಲ ಬಾ, ಮಾತಾಡಮು."

ಮುಜೀಬ ನಗುವುದಕ್ಕೆ ಹೋಗಿ, ಅತ್ತಿಯ ಮುಖ ನೋಡಿ ಗರಗಸ ಕೆಳಗಿಟ್ಟ. ನಾನು ಹೇಳಿ ನೋಡಿದೆ. ಇವರಿಗೆ ಫೋನ್ ಹಚ್ಚಿ ಹೇಳಿಸಿದೆ. ಅವ್ವನ ಮುಂದೆ ಇವರ ದನಿ ತೊಗರಿಬೇಳೆಯಂತೆ ಕರಗಿತು. "ಅವ್ವ ಬ್ಯಾಡ ಅಂದ್ರ ಬ್ಯಾಡ ಬಿಡು."

ಕಟ್ಟಿಗೆಗೆ ಇಷ್ಟು ಮರ್ಯಾದೆ. ಮನುಷ್ಯರಿಗೆ?

ಡಿಸೆಂಬರ್ 27, ಶುಕ್ರವಾರ

ಕಾಲು ಕೊಯ್ಯುವ ಹಾಗಿಲ್ಲ ಅಂದರೆ ಹಲಗಿಯನ್ನೇ ಕಾಲಿನ ಆಕಾರಕ್ಕೆ ಕೊಯ್ಯಬೇಕು. ಕಾಲು ನೆಟ್ಟಗಿದ್ದರೆ ಸರಿ. ಕೆಳಗೆ ಕಮಲ, ಅದರ ಕೆಳಗೆ ಮೂರು ಮೆಟ್ಟಿಲು, ಅದರ ಪಕ್ಕ ಗುಂಡು. ಮುಜೀಬ ಕಣ್ಣಳತೆಯಲ್ಲಿ ಕೊಯ್ದ. ಒಂದು ಹಲಗಿ ಹಾಳು. ಮತ್ತೊಂದು ಕೊಯ್ದ. ಇಲಿ ಕಡಿದ ರೊಟ್ಟಿಯಂತಾಯಿತು.

"ಸಿಲಿಕಾನ್ ತುಂಬಿಬಿಡ್ತೀನರಿ, ಟೆನ್ಶನ್ ತಗೋಬ್ಯಾಡ್ರಿ."

"ಟೆನ್ಶನ್ ನಂದು, ನಾ ತಗೋತೀನಿ. ನೀವು ಸರೀರಿ."

ಕೂಸನ್ನು ಅತ್ತಿಯ ಕೈಗೆ ಕೊಟ್ಟು ನಾನೇ ಕೂತೆ. ಹಳೆ ಪೇಪರನ್ನು ಕಾಲಿಗೆ ಒತ್ತಿ, ಉಗುರಿನಿಂದ ಒಂದೊಂದು ಎಸಳಿನ ಅಂಚಿಗೆ ಗೀರಿ, ಕತ್ತರಿಸಿ, ಮತ್ತೆ ಇಟ್ಟು ನೋಡಿ, ಮತ್ತೆ ಕತ್ತರಿಸಿದೆ. ಬಿ.ಎಸ್ಸಿ.ಯಲ್ಲಿ ಕಪ್ಪೆಯನ್ನು ಇದಕ್ಕಿಂತ ಕಡಿಮೆ ಎಚ್ಚರದಲ್ಲಿ ಕೊಯ್ದಿದ್ದೆ. ಪೇಪರ್ ಸರಿಯಾಗಿ ಕೂತ ಮೇಲೆ ಅದನ್ನು ಹಲಗಿ ಮೇಲಿಟ್ಟು ಗೆರೆ ಎಳೆದೆ. ಮುಜೀಬ ಅದರಂತೆ ಕೊಯ್ದ. ಸರಿಸಿದರೆ ಸರ್ ಅಂತ ಹೋಗಿ ಕಾಲನ್ನು ಅಪ್ಪಿಕೊಂಡಿತು. ಕೂದಲು ತೂರುವುದಿಲ್ಲ.

"ಒಂದೀಟು ಸಂದಿ ಬಿಡಬೇಕಾಗ್ತದರಿ ಅಕ್ಕಾ," ಅಂದ. "ಇದು ಉಬ್ಬೋ ಮಾಲು. ಗೋಡಿ ಕಡೆ ಬಿಟ್ಟೀನಿ, ಸ್ಕರ್ಟಿಂಗ್ ಪಟ್ಟಿ ಬಂದ್ರ ಮುಚ್ಚತದ. ಇಲ್ಲೂ..."

"ಇಲ್ಲಿ ಏನ್ ಮುಚ್ಚತದ? ಸಂದಿ ಬಿಟ್ರ ಇರುವಿ ಸೇರ್ತಾವ. ಕೂಸು ಬೆರಳ ಹಾಕತದ. ಬ್ಯಾಡ. ಬಿಗೀ ಇರಲಿ."

"ನಿಮ್ಮ ಮರ್ಜಿ."

ಮಧ್ಯಾಹ್ನ ದಾಟಿತ್ತು ಏಳುವಾಗ. ಕೂಸು ಎಲ್ಲಿ ಅಂತ ನೋಡಿದರೆ ಅಡಿಗೆಮನೆಯಲ್ಲಿ ಅತ್ತಿಯ ತೊಡೆ ಮೇಲೆ, ಬಾಯ್ತುಂಬ ಬೆಲ್ಲ. ಬೆಲ್ಲ ಕೊಡಬೇಡಿರಿ ಅಂತ ಎಷ್ಟು ಸಲ ಹೇಳುವುದು? ಜಗಳವಾಯಿತು.

ಡಿಸೆಂಬರ್ 30, ಸೋಮವಾರ. ಎಳ್ಳಮಾಸಿ

ಎಲ್ಲರೂ ಎಳ್ಳು ಅಮಾವಾಸ್ಯೆಗೆ ಭಾತಂಬ್ರಾದ ಹೊಲಕ್ಕೆ ಹೋದರು. ಭಜ್ಜಿ, ಅಂಬಲಿ, ಜೋಳದ ಕಡಬು ಗಂಟು ಕಟ್ಟಿಕೊಂಡು. ನಾನು ಹೋಗಲಿಲ್ಲ. ಹೊಲದ ಗಾಳಿ, ಧೂಳು, ಹತ್ತು ಜನರ ಕೈ ಕೂಸಿನ ಮೇಲೆ. ಹೋಗುವ ಮೊದಲು ಅತ್ತಿ ಹಬ್ಬ ಅಂತ ಚೌಕಟ್ಟಿನ ಕಾಲಿಗೆ ಒಂದಲ್ಲ ಎರಡು ಚೆಂಬು ಸುರಿದರು. ಹಲಗಿ ಮೇಲೆ ನೀರು ನಿಂತಿತ್ತು. ಒರೆಸಿದವಳು ನಾನು.

ಖಾಲಿ ಮನೆ. ಬಾಗಿಲು ಹಾಕಿಕೊಂಡೆ. ನಿದ್ದೆ ಬರಲಿಲ್ಲ. ಕೂಸು ಕೆಮ್ಮಿತೇನೋ ಅಂತ ಕಾಯುತ್ತಾ ಕೂತೆ. ಕೆಮ್ಮಲಿಲ್ಲ.

ಠಾಣಾ ಕುಶನೂರದಿಂದ ನಮ್ಮವ್ವ ಫೋನ್ ಮಾಡಿದಳು. "ಸ್ವಲ್ಪ ಅತ್ತಿ ಕೈಯಾಗ ಕೊಟ್ಟು ಮಲ್ಕೋ ಉಮಾ." ಇಟ್ಟುಬಿಟ್ಟೆ.

ಜನವರಿ 4, ಶನಿವಾರ

ಹಲಗಿ ಎದ್ದಿದೆ! ಎರಡು ಕಾಲಿನ ನಡುವೆ, ಸರಿಯಾಗಿ ಬಾಗಿಲ ಕೆಳಗೆ, ಬೆನ್ನು ಮೇಲೆತ್ತಿದ ಬೆಕ್ಕಿನ ಹಾಗೆ. ಬಾಗಿಲು ಉಜ್ಜಿಕೊಂಡು ಹೋಗುತ್ತದೆ, ಅರ್ಧಕ್ಕೆ ನಿಲ್ಲುತ್ತದೆ. ಇಷ್ಟೆಲ್ಲ ಮಾಡಿ ನನಗೆ ಸಿಕ್ಕದ್ದೇನು? ಮೊದಲು ಹಾಕಲು ಬರುತ್ತಿದ್ದ ಬಾಗಿಲೂ ಈಗ ಹಾಕಲು ಬರುವುದಿಲ್ಲ.

ಮುಜೀಬನಿಗೆ ಫೋನ್ ಹಚ್ಚಿದೆ. "ಔರಾದದಾಗ ಇದ್ದೀನರಿ ಅಕ್ಕಾ, ಒಂದ ಡಾಕ್ಟರ್ ಸಾಹೇಬರ ಮನಿ. ಮುಗೀತಂದ್ರ ಸೀದಾ ನಿಮ್ಮಲ್ಲಿಗೇ. ಸ್ಕರ್ಟಿಂಗೂ ಬಾಕಿ ಅದ, ನನ್ನ ಸಾಮಾನೂ ಅಲ್ಲೇ ಅದ, ಎಲ್ಲಿಗ್ ಓಡ್ತೀನಿ?"

ಕಳ್ಳ. ನಕಲಿ ಮಾಲು ತಂದಿರಬೇಕು.

ಜನವರಿ 8, ಬುಧವಾರ

ಮಾಲು ನಕಲಿ ಅಲ್ಲ. ಇವತ್ತು ಬೆಳಿಗ್ಗೆ ಅತ್ತಿ ನೀರು ಹಾಕುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದೆ. ಕಾಲಿನ ಬುಡಕ್ಕೆ ಸುರಿದ ನೀರು ಕಮಲದ ಎಸಳಿನಿಂದ ಇಳಿದು ಹಲಗಿಯ ಅಂಚಿಗೆ ಹೋಗಿ ಕಾಣೆಯಾಯಿತು. ಕುಡಿದುಬಿಟ್ಟಿತು. ದಿನಾ ಕುಡಿಯುತ್ತಿದೆ. ಕುಡಿದು ಊದಿ, ಎರಡು ಕಾಲಿನ ನಡುವೆ ಜಾಗವಿಲ್ಲದೆ ಮೇಲಕ್ಕೆದ್ದಿದೆ.

ಬಾಯಿ ತಡೆಯಲಿಲ್ಲ.

"ನಿಮ್ಮ ನೀರಿನಿಂದರಿ ಇದೆಲ್ಲ! ನೋಡ್ರಿ, ಉಬ್ಬೇದ ನೋಡ್ರಿ!"

"ಇಷ್ಟು ದಿನ ನೀರ ಹಾಕೀನಿ, ಫರಸಿ ಉಬ್ಬಿಲ್ಲ. ಪುಠ್ಠಾ ಉಬ್ಬತದ, ಅದಕ್ಕ ನಾ ಏನ್ ಮಾಡ್ಲಿ?"

"ಈ ಕಟ್ಟಿಗಿ ಮ್ಯಾಲಿರೋ ಕಾಳಜಿ ಒಂದಿಷ್ಟು ಕೂಸಿನ ಮ್ಯಾಲ ಇದ್ದಿದ್ರ!"

ಅತ್ತಿ ತಿರುಗಿ ಏನಾದರೂ ಅನ್ನುತ್ತಾರೆ ಅಂತ ಕಾದೆ. ಚೆಂಬನ್ನು ಬೋರಲು ಹಾಕಿ ಹೋದರು. ಜಗಳ ಆಡದವರ ಮೇಲೆ ಸಿಟ್ಟು ಇನ್ನೂ ಹೆಚ್ಚು ಬರುತ್ತದೆ.

ಜನವರಿ 9, ಗುರುವಾರ

ಬೆಳಿಗ್ಗೆ ಅತ್ತಿ ಬರಲಿಲ್ಲ. ಬಾಗಿಲ ಸಪ್ಪಳವಿಲ್ಲ, ನೀರಿನ ಸಪ್ಪಳವಿಲ್ಲ. ಆದರೂ ಅದೇ ಹೊತ್ತಿಗೆ ಎಚ್ಚರ. ಕಾಲಿನ ಮೇಲೆ ನಿನ್ನೆಯ ಅರಿಶಿನ ಒಣಗಿ ಉದುರುತ್ತಿತ್ತು.

ಜನವರಿ 12, ಭಾನುವಾರ

ಅಕ್ಷರ ಸೊಟ್ಟ ಬರುತ್ತಿವೆ.

ಮಾಳಿಗೆ ಮೇಲೆ ಕೂಸಿನ ಬಟ್ಟೆ ಒಣಹಾಕುತ್ತಿದ್ದೆ. ಗಾಳಿ ಜೋರಿತ್ತು. ಅತ್ತಿ ಕೂಸಿಗೆ ಗಾಳಿ ಬಡಿಯುತ್ತದೆ ಅಂತ ನನ್ನ ಕೋಣೆಗೆ ಒಯ್ದು, ಅರ್ಧಕ್ಕೆ ನಿಲ್ಲುವ ಬಾಗಿಲನ್ನು ಒಳಗಿನಿಂದ ಭುಜ ಕೊಟ್ಟು ಹಾಕಿದ್ದಾರೆ. ಬಾಗಿಲು ಆ ಉಬ್ಬನ್ನು ಹತ್ತಿ ಕಚ್ಚಿಕೊಂಡಿತು. ನಾನು ಕೆಳಗೆ ಬರುವಷ್ಟರಲ್ಲಿ ಒಳಗೆ ಕೂಸು ಚೀರುತ್ತಿದೆ, ಅತ್ತಿ ಎಳೆಯುತ್ತಿದ್ದಾರೆ. ಹೊರಗಿನಿಂದ ಒದ್ದೆ. ಭುಜ ಕೊಟ್ಟೆ. ಅಲುಗಲಿಲ್ಲ. ಆ ಕೋಣೆಗೆ ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ ಮಾತ್ರ.

ಇವರಿಗೆ ಫೋನ್. "ತೂಕದ ಕಾಟಾ ನಡದದ, ಲಾರಿ ನಿಂತದ, ಬರ್ತೀನಿ. ನೋಡಮು..." ಇಟ್ಟುಬಿಟ್ಟೆ. ಮುಜೀಬನಿಗೆ ಫೋನ್. "ಔರಾದದಾಗ..." ಅವನದೂ ಇಟ್ಟುಬಿಟ್ಟೆ.

ಅಷ್ಟರಲ್ಲಿ ಕೂಸಿನ ದನಿ ನಿಂತಿತು.

ಒಮ್ಮೆಲೇ ನಿಂತಿತು. ದವಾಖಾನೆಯಲ್ಲೂ ಹಾಗೇ ನಿಂತಿತ್ತು ಒಂದು ಸಲ. ಎರಡೂ ಕೈಯಿಂದ ಬಾಗಿಲು ಬಡಿದೆ. "ಅತ್ತೀ! ಕೂಸಿಗೇನಾತು? ಉಸಿರು ನೋಡ್ರಿ! ಎದಿ ಮ್ಯಾಲ ಕೈ ಇಡ್ರಿ!"

"ಒದರಬ್ಯಾಡ," ಅಂದರು ಒಳಗಿನಿಂದ, ಮೆಲ್ಲಗೆ. "ಮಲಗೇದ. ಬಡದು ಎಬ್ಬಸ್ತಿ ಏನು?"

ನಾನು ಅಲ್ಲೇ ಫರಸಿ ಮೇಲೆ ಕೂತುಬಿಟ್ಟೆ. ಕಣ್ಣೆದುರಿಗೇ ಕಾಲು, ಕಮಲ, ಅದನ್ನು ಅಪ್ಪಿಕೊಂಡು ಉಸಿರು ಕಟ್ಟಿದ ಹಲಗಿ. ಎರಡು ಕಾಲಿನಲ್ಲಿ ಒಂದನ್ನು ಬುಡದಲ್ಲಿ ಕೊಯ್ದರೂ ಹಲಗಿಗೆ ಸರಿಯಲು ಜಾಗ ಸಿಗುತ್ತದೆ, ಬೆನ್ನು ಇಳಿಯುತ್ತದೆ, ಬಾಗಿಲು ಬಿಡುತ್ತದೆ. ಮುಜೀಬನ ಸಾಮಾನಿನ ಚೀಲ ಪಡಸಾಲೆಯಲ್ಲೇ ಇತ್ತು.

"ಅತ್ತೀ, ಕಾಲ ಕೊಯ್ಬೇಕಾಗ್ತದರಿ."

ಬಾಗಿಲಿಗೆ ಕಿವಿ ಹಚ್ಚಿದೆ.

"ಅತ್ತೀ?"

"ಸಂಜು ಬರಲಿ ತಡಿ."

"ಅವರು ಬರೂ ತನಕ ನಾ ಇಲ್ಲಿ ಸತ್ತ ಹೋಗ್ತೀನರಿ!"

ಆ ಮಾತು ನನ್ನ ಬಾಯಿಂದಲೇ ಬಂತು.

ಅತ್ತಿಯ ದನಿ ಬಾಗಿಲಿಗೆ ಹತ್ತಿರ ಬಂತು. "ನಿನ್ನ ಮಾವ ಹೋದ ದಿನ, ಅವರಿಗಿ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಈ ಚೌಕಟ್ಟಿನಾಗೇ ಕೂಡ್ರಿಸಿದ್ರು. ನಮ್ಮಲ್ಲಿ ಮಲಗಸಂಗಿಲ್ಲಲ್ಲ, ಕೂಡ್ರಸೂದು. ಆ ಕಡೀ ಕಾಲಿಗಿ ಬೆನ್ನ ಹಚ್ಚಿ ಕೂತಿದ್ರು, ದಿನಾ ಪೇಪರ್ ಓದಲಿಕ್ಕಿ ಕೂಡ್ತಿದ್ರಲ್ಲ, ಹಂಗೇ. ನೀ ಆಗ ಬಂದಿದ್ದಿಲ್ಲ."

ಮೊದಲೇ ಹೇಳಿದ್ದರೆ? ಎರಡೂವರೆ ವರ್ಷ ಒಂದೇ ಮನೆಯಲ್ಲಿದ್ದೇವೆ, ಇದನ್ನು ಹೇಳಲು ಬಾಗಿಲು ಕಚ್ಚಿಕೊಳ್ಳಬೇಕಾಯಿತೇ?

"ಯಾವ ಕಾಲರಿ?" ಅಂದೆ.

"ನಿನಗ ಎಡಕ."

"ಬಲಕಿಂದು ಕೊಯ್ತೀನಿ ಹಂಗಾರ."

"ಕೈ ಮುಗಿದು ಹಚ್ಚು. ಮತ್ತ ಕೈ ಕೊಯ್ಕೊಂಡಿ, ಹುಷಾರಿ."

ಕೈ ಮುಗಿದೆ. ಉಳಿದ ಹಲಗಿಯ ಒಂದು ತುಂಡನ್ನು ಕಾಲಿನ ಪಕ್ಕಕ್ಕೆ ಚಪ್ಪಟೆ ಇಟ್ಟು ಅದರ ಮೇಲೆ ಗರಗಸ ಮಲಗಿಸಿದೆ. ಹಾಗಿಟ್ಟರೆ ಕೊಯ್ತ ಹಲಗಿಯಷ್ಟೇ ಎತ್ತರಕ್ಕೆ ಬರುತ್ತದೆ, ಮೇಲೆ ಕೆಳಗೆ ಓಡುವುದಿಲ್ಲ. ಫರಸಿ ಮೇಲೆ ಮಗ್ಗುಲಾಗಿ ಮಲಗಿ ಎಳೆದೆ. ಸಾಗವಾನಿ ಸುಲಭಕ್ಕೆ ಬಗ್ಗುವುದಿಲ್ಲ. ಒಂದೊಂದು ಎಳೆತಕ್ಕೂ ಒಬ್ಬೊಬ್ಬರನ್ನು ಬೈದೆ. ಇವರನ್ನು, ಮುಜೀಬನನ್ನು, ವೀಡಿಯೊ ಮಾಡಿದವನನ್ನು. ಬೈಯಲು ಜನ ಮುಗಿದರು, ಕಟ್ಟಿಗೆ ಮುಗಿಯಲಿಲ್ಲ. ಒಳಗಿನಿಂದ ಅತ್ತಿ ನಡುನಡುವೆ, "ಎಷ್ಟಾತು?" "ಅರ್ಧ ಆತರಿ." "ದಮ್ ತಗೋ. ಓಡಿ ಹೋಗಂಗಿಲ್ಲ ಅದು."

ಕೊಯ್ದು ಮುಗಿದ ಮೇಲೆ ಉಳಿಯಿಂದ ಆ ತೆಳ್ಳನೆ ಚಕ್ಕೆಯನ್ನು ಎಬ್ಬಿಸಿದೆ. ಎದ್ದದ್ದೇ ತಡ, ಟಪ್ ಅಂತ ಹಲಗಿ ಆ ಜಾಗಕ್ಕೆ ನುಗ್ಗಿ ಕೆಳಗೆ ಕೂತಿತು. ಬಾಗಿಲು ತಾನೇ ಒಂದು ಗೇಣು ಸರಿಯಿತು.

ಅತ್ತಿ ನೆಲದ ಮೇಲೆ ಕಾಲು ನೀಡಿ ಕೂತಿದ್ದರು, ಬಾಗಿಲ ಬಳಿಯೇ, ಹಲಗಿ ಮೇಲೆ. ಕಾಲ ಮೇಲೆ ಕೂಸು, ಮೈಮೇಲೆ ಸೆರಗು. ಎತ್ತಿಕೊಳ್ಳಲು ಕೈ ಚಾಚಿದೆ, ಕೈತುಂಬ ಕಟ್ಟಿಗೆ ಪುಡಿ. ತೊಳೆಯಲು ಹೋದೆ. ತಿರುಗಿ ಬಂದು ಕೊಯ್ತ ನೋಡಿದೆ. ಗೆರೆ ಎಳೆದಂತೆ ನೆಟ್ಟಗಿದೆ. ಹಲಗಿ ಕಾಲಿನ ಕೆಳಗೆ ಹೋದದ್ದು ಗೊತ್ತೇ ಆಗುವುದಿಲ್ಲ. ಮುಜೀಬನಿಗೆ ಫೋಟೊ ಕಳಿಸಿದೆ, ಒಂದು ಮಾತೂ ಬರೆಯಲಿಲ್ಲ.

ಅತ್ತಿ ಆ ಚಕ್ಕೆಯನ್ನು ಸೆರಗಿನಿಂದ ಒರೆಸಿ, ವಿಭೂತಿ ಹಚ್ಚಿ, ದೇವರ ಜಗಲಿ ಮೇಲೆ ಇಟ್ಟರು.

ಇವರು ಸಂಜೆ ಬಂದರು, ಬಾಗಿಲು ಆ ಕಡೆ ಈ ಕಡೆ ಆಡಿಸಿ, "ಸರೀನೇ ಅದಲ್ಲ?" ಅಂದರು. ಅತ್ತಿ ಮಗನ ಕಡೆ ಹೇಗೆ ನೋಡಿದರೆಂದರೆ, ನಾನು ಬೈಯುವ ಕೆಲಸವೇ ಉಳಿಯಲಿಲ್ಲ.

ಜನವರಿ 15, ಬುಧವಾರ

ಸಂಕ್ರಾಂತಿ ಮುಗಿಯಿತು. ಬೆಳಿಗ್ಗೆ ಅತ್ತಿ ಬಂದರು. ಚೆಂಬಿಲ್ಲ, ಹಿಂಡಿದ ಬಟ್ಟೆ. ಕಾಲು ಒರೆಸಿ ವಿಭೂತಿ ಎಳೆದು, ನಾನು ಎದ್ದಿದ್ದೇನೆಂದು ಗೊತ್ತಿದ್ದೇ ಗೊಣಗಿದರು: "ಒಂದ ಕಾಲ ಗಿಡ್ಡ, ಒಂದ ಕಾಲ ಉದ್ದ. ಕುಂಟನ ಹಂಗ ನಿಂತದ. ಎಡಕಿಂದೂ ಕೊಯ್ದುಬಿಡು."

"ಬ್ಯಾಡರಿ ಅತ್ತೀ, ಇರಲಿ."

"ಕೊಯ್ಯಂದ್ರ ಕೊಯ್ಯಿ. ಆ ಕಡೀನೂ ಉಬ್ಬಿದ್ರ ಮತ್ತ ನನ್ನ ಮ್ಯಾಲೇ ಕುಣೀತಿ."

ಕೊಯ್ದೆ. ಎಡಗಾಲಿನ ಕಟ್ಟಿಗೆ ಇನ್ನೂ ಗಟ್ಟಿ. ಕೊಯ್ಯುವಷ್ಟು ಹೊತ್ತು ಅತ್ತಿ ಕೂಸನ್ನು ಬಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು, ಕಾಲಿನ ಮೇಲೊಂದು ಕೈಯಿಟ್ಟು. ನಡುವೆ ಕೂಸಿಗೆ ಮತ್ತೆ ಬೆಲ್ಲ. ನೋಡಿದೆ. ಗರಗಸ ಬಿಡುವ ಹಾಗಿರಲಿಲ್ಲ.

ಮುಜೀಬ ಬಂದು ಸ್ಕರ್ಟಿಂಗ್ ಹೊಡೆದು ಹೋದ. ಮೂಲೆಯೊಂದರಲ್ಲಿ ಪಟ್ಟಿ ಸೇರಿಲ್ಲ. ನಾಳೆ ಅವನಿಗೆ ಐತಿ.

ಜನವರಿ 19, ಭಾನುವಾರ

ಈ ಮನೆಯಲ್ಲಿ ನನ್ನನ್ನು ಕೇಳುವವರು ಯಾರೂ ಇಲ್ಲ.

ಮಧ್ಯಾಹ್ನ ಉಂಡು, ಕೂಸು ಅತ್ತಿಯ ಹತ್ತಿರ ಇದ್ದಾಗ ಬಾಗಿಲು ಹಾಕಿದೆ. ಬೆಣ್ಣೆಯಂತೆ ಹೋಗಿ ಕೂತಿತು. ಸುಮ್ಮನೆ ಒಂದು ಗಳಿಗೆ ಬೆನ್ನು ಚಾಚೋಣ ಅಂತ. ನಡುವೆ ಎಲ್ಲೋ ಕೂಸು ಅತ್ತದ್ದು ಕೇಳಿಸಿತು, ಅತ್ತಿ ಏನೋ ಅಂದದ್ದೂ ಕೇಳಿಸಿತು. ಆಮೇಲೆ ಏನೂ ಇಲ್ಲ. ಎದ್ದು ಹೊರಗೆ ಬಂದರೆ ದೇವರ ಮುಂದೆ ದೀಪ ಹಚ್ಚಿದ್ದಾರೆ, ಇವರು ಗಂಜಿನಿಂದ ಬಂದು ಊಟಕ್ಕೆ ಕೂತಿದ್ದಾರೆ, ಕೂಸು ಕಿಚಡಿ ತಿಂದು ಅತ್ತಿಯ ಮಡಿಲಲ್ಲಿ ಕೈಕಾಲು ಆಡಿಸುತ್ತಿದೆ.

"ಯಾಕರಿ ಎಬ್ಬಿಸಲಿಲ್ಲ ನನ್ನ?"

"ಬಾಗಲ ಹಾಕಿತ್ತಲ್ಲ," ಅಂದರು ಅತ್ತಿ.

ಎಷ್ಟು ಸಿಟ್ಟು ಬಂತೆಂದರೆ! ಇಡೀ ಮಧ್ಯಾಹ್ನ, ಇಡೀ ಸಂಜೆ! ಕಿಚಡಿಗೆ ಉಪ್ಪು ಹಾಕಿದ್ದರೋ ಏನೋ, ಕೂಸಿಗೆ ಟೋಪಿ ಹಾಕಿದ್ದರೋ ಇಲ್ಲವೋ. ಯಾರನ್ನ ಕೇಳಿ ಮಲಗಲು ಬಿಟ್ಟರು ನನ್ನನ್ನ? ನಾಳೆ ಕೂಡ್ರಿಸಿಕೊಂಡು ಕೇಳುತ್ತೇನೆ. ಈಗ ಮತ್ತೆ ಕಣ್ಣು ಎಳೆಯುತ್ತಿವೆ, ಇನ್ನೂ ಬರೆಯಬೇಕಿತ್ತು, ಎಷ್ಟೋ ಜಗಳ ಬಾಕಿ